‘ಎಲ್ಲ ಬೇಡ’ ಎಂದರೂ ಬೆನ್ನು ಬಿಡದ ಶೂ

ಓದುಗರ ಪತ್ರ: ಯಾವ ವೆಬ್‌ಸೈಟ್ ತೆರೆದರೂ ಕುಕಿಗೆ ಒಪ್ಪಿಗೆ ಕೇಳುವ ಪೆಟ್ಟಿಗೆ ಬರುತ್ತದೆ. ನಾನು ‘ಎಲ್ಲ ಬೇಡ’ ಅಂತಲೇ ಒತ್ತುತ್ತೇನೆ. ಆದರೂ ಅಂಗಡಿ ಸೈಟಿಗೆ ಲಾಗಿನ್ ಆಗಿ ನೋಡಿದ ಶೂ, ಆಮೇಲೆ ಹೋದ ಸೈಟುಗಳಲ್ಲೆಲ್ಲ ಜಾಹೀರಾತಾಗಿ ಕಾಣಿಸುತ್ತದೆ. ಈ ಸೆಟ್ಟಿಂಗ್ಸ್ ಎಲ್ಲ ಬರೀ ನಾಟಕವೇ? ಪ್ರೈವೆಸಿ ಪಾಲಿಸಿ ಪೂರ್ತಿ ಓದಬೇಕಿತ್ತೇ?

ಸಂಪಾದಕರ ಉತ್ತರ: ಪೂರ್ತಿ ಓದಲು ಹೋಗಬೇಡಿ, ಮುಗಿಯುವ ಕೆಲಸವಲ್ಲ. ಒಬ್ಬರು ವರ್ಷದಲ್ಲಿ ನೋಡುವ ಸೈಟುಗಳ ಪಾಲಿಸಿಗಳನ್ನೆಲ್ಲ ಓದಲು 200 ಗಂಟೆಗೂ ಜಾಸ್ತಿ ಬೇಕು ಎಂದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಸಂಶೋಧಕರು 2008ರಲ್ಲೇ ಲೆಕ್ಕ ಹಾಕಿದ್ದರು. ಆಗಿನ್ನೂ ಮೊಬೈಲ್ ಆ್ಯಪ್‌ಗಳು ಕಣ್ಣು ಬಿಡುತ್ತಿದ್ದವಷ್ಟೇ. ಪಾಲಿಸಿ ಬರೆಯುವವರು ವಕೀಲರು. ನಾಳೆ ತಕರಾರು ಬಂದರೆ ಕಂಪನಿ ತಪ್ಪಿಸಿಕೊಳ್ಳಬೇಕಲ್ವಾ, ಅದಕ್ಕೇ ಎಲ್ಲೆಲ್ಲೂ ‘ಬಳಸಬಹುದು’, ‘ಹಂಚಿಕೊಳ್ಳಬಹುದು’. ನಾನು ಎರಡೇ ವಿಷಯ ಹುಡುಕುತ್ತೇನೆ: ಮಾಹಿತಿ ಯಾರ ಕೈಗೆ ಹೋಗುತ್ತದೆ, ಎಷ್ಟು ಕಾಲ ಉಳಿಯುತ್ತದೆ. ‘ಅಗತ್ಯವಿರುವವರೆಗೆ’ ಎಂದಷ್ಟೇ ಇದ್ದರೆ, ಕೊನೆಯ ದಿನ ಅಂತ ಒಂದು ಇಲ್ಲ ಎಂದೇ ತಿಳಿಯಿರಿ.

ಇನ್ನು ನಿಮ್ಮ ಶೂ. ಅಂಗಡಿ ಸೈಟಿನ ಪುಟದಲ್ಲಿ ಸಾಮಾನ್ಯವಾಗಿ ಜಾಹೀರಾತು ಕಂಪನಿಯ ಒಂದು ಚಿಕ್ಕ ಕೋಡ್ ಇರುತ್ತದೆ, ಕಣ್ಣಿಗೆ ಕಾಣುವುದಿಲ್ಲ. ನೀವು ಶೂ ನೋಡುತ್ತಿದ್ದಂತೆ ಅದು ನಿಮ್ಮ ಬ್ರೌಸರಿನಲ್ಲಿ ಒಂದು ನಂಬರ್ ಬರೆದಿಡುತ್ತದೆ. ಅದೇ ಕುಕಿ. ಮುಂದೆ ನೀವು ಸುದ್ದಿ ಸೈಟಿಗೆ ಹೋಗುತ್ತೀರಿ, ಅಲ್ಲೂ ಅದೇ ಕಂಪನಿಯ ಕೋಡ್. ನಂಬರ್ ಓದುತ್ತದೆ, ‘ಓ, ಶೂ ನೋಡಿದವರು’ ಎಂದು ಗುರುತು ಹಿಡಿಯುತ್ತದೆ. ‘ಎಲ್ಲ ಬೇಡ’ ಒತ್ತಿದರೆ ಈ ದಾರಿ ಬಹುಪಾಲು ಮುಚ್ಚುತ್ತದೆ.

ಆದರೆ ನೀವು ಲಾಗಿನ್ ಆಗಿದ್ದಿರಿ. ಅಂಗಡಿಯ ಬಳಿ ನಿಮ್ಮ ಇಮೇಲ್ ಇದೆ. ಅದನ್ನು ಅಕ್ಷರ, ಅಂಕಿಗಳ ಸರಪಳಿಯಾಗಿ ಬದಲಿಸಿ ಜಾಹೀರಾತು ಕಂಪನಿಗೆ ಕಳಿಸುವ ಪದ್ಧತಿ ಇದೆ. ಅದೇ ಇಮೇಲಿನಿಂದ ನೀವು ಸೋಶಿಯಲ್ ಮೀಡಿಯಾದಲ್ಲೂ ಇದ್ದರೆ ಅಲ್ಲೂ ಅದೇ ಸರಪಳಿ ಬರುತ್ತದೆ, ಎರಡೂ ತಾಳೆಯಾಗುತ್ತವೆ. ಇದಕ್ಕೆ ಕುಕಿಯೇ ಬೇಕಿಲ್ಲ. ನಿಮ್ಮ ವಿಷಯದಲ್ಲಿ ಇದೇ ಆಗಿರಬೇಕು ಎಂಬುದು ನನ್ನ ಊಹೆ.

ಹಾಗಂತ ಸೆಟ್ಟಿಂಗ್ಸ್ ನಾಟಕವಲ್ಲ. ನಾಟಕ ಇರುವುದು ಅದನ್ನು ಜೋಡಿಸಿಟ್ಟ ರೀತಿಯಲ್ಲಿ. ‘ಒಪ್ಪಿದೆ’ ಬಟನ್ ದೊಡ್ಡದು, ಬಣ್ಣದ್ದು. ‘ಬೇಡ’ ಎನ್ನಲು ಎಷ್ಟೋ ಸೈಟುಗಳಲ್ಲಿ ಎರಡು ಪುಟ ಒಳಗೆ ಹೋಗಬೇಕು. 2022ರ ಜನವರಿಯಲ್ಲಿ ಫ್ರಾನ್ಸಿನ ಮಾಹಿತಿ ರಕ್ಷಣಾ ಸಂಸ್ಥೆ ಇದೇ ಕಾರಣಕ್ಕೆ ಗೂಗಲ್‌ಗೆ 15 ಕೋಟಿ ಯೂರೊ, ಫೇಸ್‌ಬುಕ್‌ಗೆ 6 ಕೋಟಿ ಯೂರೊ ದಂಡ ಹಾಕಿತು: ಒಪ್ಪುವಷ್ಟು ಸುಲಭವಾಗಿ ನಿರಾಕರಿಸಲೂ ಆಗಬೇಕು ಎಂದು. ಮೊದಲೇ ಟಿಕ್ ಹಾಕಿಟ್ಟ ಪೆಟ್ಟಿಗೆ ಒಪ್ಪಿಗೆಯೇ ಅಲ್ಲ ಎಂದು ಯುರೋಪಿಯನ್ ಒಕ್ಕೂಟದ ನ್ಯಾಯಾಲಯ 2019ರಲ್ಲೇ ಹೇಳಿತ್ತು. ಆದರೂ ಕೆಲವು ಪೆಟ್ಟಿಗೆಗಳಲ್ಲಿ ‘ನ್ಯಾಯಬದ್ಧ ಹಿತಾಸಕ್ತಿ’ (ಲೆಜಿಟಿಮೇಟ್ ಇಂಟರೆಸ್ಟ್, ಅಂದರೆ ನಿಮ್ಮ ಒಪ್ಪಿಗೆ ಕೇಳದೆಯೇ ಮಾಹಿತಿ ಬಳಸಲು ಕಂಪನಿ ಮುಂದಿಡುವ ಕಾರಣ) ಎಂಬ ಇನ್ನೊಂದು ಪಟ್ಟಿ ಪಕ್ಕದಲ್ಲಿ ಸುಮ್ನೆ ಕೂತಿರುತ್ತದೆ, ಒಳಗಿನ ಸ್ವಿಚ್‌ಗಳೆಲ್ಲ ಆನ್! ಅದನ್ನೂ ತೆರೆದು ನೋಡಿ.

ಪ್ರೈವೇಟ್ ವಿಂಡೋ ನಂಬಿ ಕೂರಬೇಡಿ. ಅದು ನಿಮ್ಮ ಸಾಧನದಲ್ಲಿ ಹಿಸ್ಟರಿ ಉಳಿಸುವುದಿಲ್ಲ, ಅಷ್ಟೇ. ಎದುರಿನ ಸೈಟಿಗೆ ನಿಮ್ಮ ಐಪಿ ವಿಳಾಸ, ಅಂದರೆ ನಿಮ್ಮ ಇಂಟರ್‌ನೆಟ್ ಸಂಪರ್ಕವನ್ನು ಗುರುತಿಸುವ ಸಂಖ್ಯೆ, ಕಾಣುತ್ತಲೇ ಇರುತ್ತದೆ.

ಸೈಟಿಗೊಂದು ಪೆಟ್ಟಿಗೆಯೊಡನೆ ಗುದ್ದಾಡುವ ಬದಲು ಬ್ರೌಸರಿನಲ್ಲೇ ಕೈ ಹಾಕಿ. ಸಫಾರಿ, ಫೈರ್‌ಫಾಕ್ಸ್‌ಗಳು ಹೊರಗಿನ ಕಂಪನಿಗಳ ಕುಕಿಗೆ ತಾವಾಗಿಯೇ ಕಡಿವಾಣ ಹಾಕುತ್ತವೆ. ಕ್ರೋಮ್‌ನಲ್ಲಿ ಸೆಟ್ಟಿಂಗ್ಸ್‌ಗೆ ಹೋಗಿ ನೀವೇ ತಡೆಯಬೇಕು. ಖರೀದಿಗೆಂದೇ ಬೇರೆ ಇಮೇಲ್ ಇಟ್ಟುಕೊಂಡರೆ ತಾಳೆ ಹಾಕುವುದು ಕಷ್ಟವಾಗುತ್ತದೆ. ಫೋನಿನಲ್ಲಿ ಯಾವ ಆ್ಯಪ್‌ಗೆ ಲೊಕೇಶನ್ ಕೊಟ್ಟಿದ್ದೀರಿ ಎಂಬುದನ್ನೂ ನೋಡಿ, ‘ಬಳಸುವಾಗ ಮಾತ್ರ’ ಎಂದಿದ್ದರೆ ಬಹುತೇಕ ಆ್ಯಪ್‌ಗಳಿಗೆ ಸಾಕು. ಬೇಡವಾದ ಆ್ಯಪ್ ತೆಗೆಯುವ ಮೊದಲು ಒಳಗೆ ಹೋಗಿ ಖಾತೆಯನ್ನೇ ಅಳಿಸಿ. ಫೋನಿನಿಂದ ಆ್ಯಪ್ ಹೋದ ಮಾತ್ರಕ್ಕೆ ಕಂಪನಿಯ ಸರ್ವರಿನಲ್ಲಿರುವ ನಿಮ್ಮ ಖಾತೆ ಹೋಗುವುದಿಲ್ಲ.