ತಗ್ಗಿನ ಹೊಲಕ್ಕೇ ಚಳಿಯ ಪೆಟ್ಟು ಯಾಕೆ?

ಬೆಟ್ಟದ ಬುಡದ ಊರಲ್ಲಿ ತಗ್ಗಿನ ಹೊಲದ ಸಸಿಗಳು ಹಿಮಕ್ಕೆ ಕರಕಲಾದವು, ಇಳಿಜಾರಿನ ಮೇಲಿನವು ಉಳಿದವು, ಎತ್ತರದಲ್ಲೇ ಚಳಿ ಜಾಸ್ತಿ ಇರಬೇಕಲ್ವಾ ಎಂದು ಕೇಳಿದ್ದೀರಿ. ಬೆಳೆಸಿದ ಸಸಿ ಒಂದೇ ರಾತ್ರಿಗೆ ಹೋದರೆ ಎಷ್ಟು ಸಂಕಟ ಆಗುತ್ತದೆ ಅಂತ ನನಗೆ ಅರ್ಥವಾಗುತ್ತದೆ.

ನಿಮ್ಮ ಲೆಕ್ಕ ತಪ್ಪಲ್ಲ. ಸರಾಸರಿ 1000 ಮೀಟರ್ ಏರಿದರೆ ಸುಮಾರು 6.5 ಡಿಗ್ರಿ ಸೆಲ್ಸಿಯಸ್ ಕಡಿಮೆಯಾಗುತ್ತದೆ. ಆದರೆ ಮೋಡವಿಲ್ಲದ, ಗಾಳಿಯಾಡದ ರಾತ್ರಿ ಇದು ತಲೆಕೆಳಗಾಗುತ್ತದೆ. ನೆಲ ತನ್ನ ಬಿಸಿಯನ್ನು ಆಕಾಶಕ್ಕೆ ಬಿಟ್ಟುಕೊಡುತ್ತದೆ. ಅದಕ್ಕೆ ತಾಗಿದ ಗಾಳಿ ತಣ್ಣಗಾಗಿ ಭಾರವಾಗುತ್ತದೆ, ನೀರಿನ ಹಾಗೆ ಇಳಿಜಾರಲ್ಲಿ ಹರಿದು ಬಂದು ತಗ್ಗಿನಲ್ಲಿ ನಿಲ್ಲುತ್ತದೆ. ಇಳಿಜಾರಿನ ನಡುಭಾಗ ಬೆಚ್ಚಗೇ ಉಳಿಯುತ್ತದೆ. ಹಣ್ಣಿನ ತೋಟಕ್ಕೆ ಆ ಜಾಗ ಒಳ್ಳೆಯದು ಅನ್ನುವುದು ಇದಕ್ಕೇ.

ಹೊಲದ ಕೆಳ ಅಂಚಿನಲ್ಲಿ ದಟ್ಟ ಬೇಲಿ ಇದೆಯಾ ನೋಡಿ. ಇದ್ದರೆ ಅದು ತಣ್ಣನೆ ಗಾಳಿಗೆ ಅಣೆಕಟ್ಟು. ಮೊದಲು ಅಲ್ಲೊಂದು ಅಗಲವಾದ ಕಿಂಡಿ ಮಾಡಿ, ಗಾಳಿ ಹರಿದು ಹೋಗಲಿ. ಮಣ್ಣು ತೇವವಾಗಿದ್ದರೆ ಹಗಲಿನ ಬಿಸಿ ಜಾಸ್ತಿ ಹಿಡಿದಿಡುತ್ತದೆ. ಒಣಹುಲ್ಲಿನ ಹೊದಿಕೆ ಆ ಬಿಸಿ ಮೇಲೆ ಬರದಂತೆ ತಡೆಯುತ್ತದೆ, ಹಿಮ ಬೀಳುವ ದಿನಗಳಲ್ಲಿ ಅದನ್ನು ಸರಿಸಿಡಿ. ಎಳೆ ಸಸಿ ಬೇಕೇ ಬೇಕು ಅಂದರೆ ದಯವಿಟ್ಟು ಮೇಲಿನ ಹೊಲದಲ್ಲೇ ನೆಡಿ.