ಕಿವಿ ಕಟ್ಟಿದೆ ಅಂತೀರಿ, ಎಲ್ಲಿ ಕಟ್ಟಿದೆ?

ಈ ಸಲ ಬಂದ ಪತ್ರಗಳಲ್ಲಿ ಕಿವಿಯದೇ ಜಾಸ್ತಿ. ಬರೆದವರೆಲ್ಲ ನಲವತ್ತು ದಾಟಿದವರು. ಹಾಗಾಗಿ ಮೊಣಕಾಲು, ಥೈರಾಯ್ಡ್ ಪ್ರಶ್ನೆಗಳನ್ನು ಮುಂದಿನ ಸಂಚಿಕೆಗೆ ಇಟ್ಟುಕೊಂಡು, ಇಲ್ಲಿ ಬರೀ ಕಿವಿಯ ಮಾತು.

ಪ್ರಶ್ನೆ: ಮೇಡಂ, ನನಗೆ 47 ವರ್ಷ. ತೀರ್ಥಹಳ್ಳಿ ಕಡೆಯವಳು, ಹೈಸ್ಕೂಲ್ ಟೀಚರ್. ಐದಾರು ತಿಂಗಳಿಂದ ಎರಡೂ ಕಿವಿ ಕಟ್ಟಿದ ಹಾಗಿದೆ, ಬಲಗಡೆ ಜಾಸ್ತಿ. ಆಗುಂಬೆ ಘಾಟಿ ಇಳಿಯುವಾಗ ಆಗುತ್ತಲ್ಲ, ಅದೇ ಥರ, ಆದರೆ ಬಿಡುವುದೇ ಇಲ್ಲ. ಎಂಜಲು ನುಂಗಿದರೆ ಟಿಕ್ ಅಂತ ಒಂದು ಕ್ಷಣ ಬಿಟ್ಟು ಮತ್ತೆ ಕಟ್ಟುತ್ತದೆ. ಪಾಠ ಮಾಡುವಾಗ ನನ್ನ ಧ್ವನಿಯೇ ಕೊಡದೊಳಗೆ ತಲೆ ಹಾಕಿ ಮಾತಾಡಿದ ಹಾಗೆ ಕೇಳಿಸುತ್ತದೆ. ಒಬ್ಬ ಡಾಕ್ಟರು ಗುಗ್ಗೆ ತೆಗೆದರು, ಎರಡು ದಿನ ಸರಿಯಿತ್ತು. ಇನ್ನೊಬ್ಬರು ಆಂಟಿಬಯಾಟಿಕ್ ಕೊಟ್ಟರು. ಮೂರನೆಯವರು ‘ಈ ವಯಸ್ಸಿಗೆ ಇದೆಲ್ಲ ಇದ್ದದ್ದೇ’ ಅಂದರು. ಒಂದು ವರ್ಷದಿಂದ ಮುಟ್ಟು ಏರುಪೇರಾಗಿದೆ, ರಾತ್ರಿ ಬೆವರು, ನಿದ್ದೆ ಸರಿಯಿಲ್ಲ. ಮುಟ್ಟು ನಿಲ್ಲುವುದಕ್ಕೂ ಕಿವಿಗೂ ಸಂಬಂಧ ಇದೆಯಾ? ಅತ್ತೆ ಬೆಳ್ಳುಳ್ಳಿ ಹಾಕಿ ಕಾಯಿಸಿದ ಎಣ್ಣೆ ಬಿಡು ಅಂತಿದ್ದಾರೆ. ಬಿಡಬಹುದಾ?

ಉತ್ತರ: ಮೊದಲು ಎಣ್ಣೆಯ ವಿಷಯ. ಬೇಡ. ಕಿವಿತಮಟೆಯಲ್ಲಿ ತೂತಿದ್ದರೆ ಅದು ನೇರ ಒಳಗೆ ಹೋಗುತ್ತದೆ. ಬಿಸಿ ಅಂದಾಜು ತಪ್ಪಿದರೆ ಸುಡುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ಎಣ್ಣೆ ಬಿಟ್ಟ ಕಿವಿಯಲ್ಲಿ ಬೂಷ್ಟು ಬೆಳೆಯುತ್ತದೆ, ಉಪ್ಪಿನಕಾಯಿ ಮೇಲೆ ಬೆಳೆದ ಹಾಗೇ. ಅತ್ತೆಯವರಿಗೆ ಬೇಸರವಾಗದ ಹಾಗೆ, ‘ಆ ಎಣ್ಣೆಯನ್ನು ಚಟ್ನಿಪುಡಿಗೆ ಹಾಕಿಕೊಳ್ಳುತ್ತೇನೆ’ ಅಂತ ಹೇಳಿ.

ಈಗ ವಿಷಯಕ್ಕೆ ಬರೋಣ. ‘ಕಿವಿ ಕಟ್ಟಿದೆ’ ಅನ್ನುವುದು ನಮ್ಮಲ್ಲಿ ಒಂದೇ ಮಾತು. ಆದರೆ ಕಟ್ಟುವ ಜಾಗ ಐದಾರು ಇವೆ. ಹೊರಗಿನ ಕೊಳವೆಯಲ್ಲಿ ಗುಗ್ಗೆ ಇರಬಹುದು. ತಮಟೆಯ ಹಿಂದೆ ಗಾಳಿ ಕಡಿಮೆಯಾಗಿರಬಹುದು, ಅಥವಾ ನೀರು ಕೂತಿರಬಹುದು. ದವಡೆ ಕೀಲಿನ ತೊಂದರೆ ಇರಬಹುದು. ಒಳಕಿವಿಯದೂ ಇರಬಹುದು. ಎಲ್ಲಿ ಕಟ್ಟಿದೆ ಅಂತ ನೋಡದೆ ಔಷಧಿ ಕೊಟ್ಟರೆ ನಿಮಗೆ ಆದ ಹಾಗೇ ಆಗುತ್ತದೆ, ಮೂರು ಡಾಕ್ಟರು, ಮೂರು ಚೀಟಿ, ಕಿವಿ ಮಾತ್ರ ಹಾಗೇ.

ನಿಮ್ಮ ಪತ್ರದಲ್ಲೇ ಒಂದು ಸುಳಿವಿದೆ, ನುಂಗಿದಾಗ ಬರುವ ಆ ‘ಟಿಕ್’. ಮೂಗಿನ ಹಿಂಭಾಗದಿಂದ ನಡುಗಿವಿಗೆ ಒಂದು ಸಣ್ಣ ನಾಳ ಇದೆ. ಸುಮಾರು 3.5 ಸೆಂಟಿಮೀಟರ್ ಉದ್ದ. ಹದಿನಾರನೇ ಶತಮಾನದಲ್ಲಿ ಇಟಲಿಯ ಯೂಸ್ಟೇಕಿ ಅನ್ನುವ ವೈದ್ಯ ಅದನ್ನು ವಿವರಿಸಿದ್ದರಿಂದ ಯುಸ್ಟೇಶಿಯನ್ ನಾಳ ಅಂತ ಹೆಸರು. ಅದು ಸಾಮಾನ್ಯವಾಗಿ ಮುಚ್ಚಿಕೊಂಡೇ ಇರುತ್ತದೆ. ನುಂಗಿದಾಗ, ಆಕಳಿಸಿದಾಗ ಮಾತ್ರ ಅಂಗುಳಿನ ಸ್ನಾಯು ಎಳೆದು ಅದನ್ನು ತೆರೆಯುತ್ತದೆ, ಒಂದು ಚಿಟಿಕೆ ಗಾಳಿ ಒಳಗೆ ಹೋಗುತ್ತದೆ. ಘಾಟಿ ಹತ್ತುವಾಗ ಒಳಗಿನ ಗಾಳಿ ತಾನಾಗೇ ಹೊರಬರುತ್ತದೆ, ಅಷ್ಟು ಕಷ್ಟವಿಲ್ಲ. ಇಳಿಯುವಾಗ ಹೊರಗಿನ ಒತ್ತಡ ಹೆಚ್ಚಾಗಿ ತಮಟೆ ಒಳಕ್ಕೆ ಜಗ್ಗುತ್ತದೆ, ಆಗ ನಾಳವನ್ನು ನಾವೇ ತೆರೆಯಬೇಕು. ಆಗುಂಬೆಯ ಹದಿನಾಲ್ಕು ತಿರುವು ಇಳಿಯುವಷ್ಟರಲ್ಲಿ ಬಸ್ಸಿನವರೆಲ್ಲ ಆಕಳಿಸುವುದು ಅದಕ್ಕೇ. ನಿಮ್ಮ ಆ ನಾಳ ಸಪಾಟು ರಸ್ತೆಯಲ್ಲೂ ಸರಿಯಾಗಿ ತೆರೆಯುತ್ತಿಲ್ಲ ಅಂತ ನನ್ನ ಅನುಮಾನ. ಕಿವಿ ನೋಡದೆ ಇದಕ್ಕಿಂತ ಜಾಸ್ತಿ ಹೇಳಲಾರೆ.

ಯಾಕೆ ತೆರೆಯುವುದಿಲ್ಲ? ಮೂಗಿನ ಒಳಗಿರುವ ಪೊರೆಯೇ ಆ ನಾಳದ ಒಳಗೂ ಇದೆ. ಮೂಗು ಊದಿದರೆ ಅದೂ ಊದುತ್ತದೆ. ನೀವು ಚಾಕ್‌ಪೀಸ್ ಧೂಳಿನಲ್ಲಿ ಕೆಲಸ ಮಾಡುವವರು, ಮನೆ ಮಳೆಗಾಲದಲ್ಲಿ ಥಂಡಿ ಹಿಡಿಯುವ ಊರಿನಲ್ಲಿ. ಬೆಳಿಗ್ಗೆ ಎದ್ದ ಕೂಡಲೇ ಸೀನು ಬರುತ್ತಾ? ಮೂಗು ತುರಿಸುತ್ತಾ? ಗಂಟಲ ಹಿಂದೆ ಕಫ ಇಳಿಯುತ್ತಾ? ಹೌದಾದರೆ ಔಷಧಿ ಮೂಗಿಗೆ ಬೇಕು, ಕಿವಿಗಲ್ಲ. ಡಾಕ್ಟರು ಸ್ಟೀರಾಯ್ಡ್ ಇರುವ ಮೂಗಿನ ಸ್ಪ್ರೇ ಬರೆದುಕೊಡಬಹುದು, ಹೆಸರು ಕೇಳಿ ಹೆದರಬೇಡಿ. ಆದರೆ ಹೊಡೆದುಕೊಳ್ಳುವ ರೀತಿ ನೂರಕ್ಕೆ ತೊಂಬತ್ತು ಜನರದ್ದು ತಪ್ಪು (ಇದು ಲೆಕ್ಕ ಹಾಕಿ ಹೇಳಿದ್ದಲ್ಲ, ನನ್ನ ಕೋಪ). ತಲೆ ಮೇಲೆತ್ತಿ ಜೋರಾಗಿ ಎಳೆದುಕೊಂಡರೆ ಔಷಧಿ ಗಂಟಲಿಗೆ ಹೋಗಿ ಕಹಿಯಾಗುತ್ತದೆ ಅಷ್ಟೇ. ತಲೆ ಸ್ವಲ್ಪ ಮುಂದೆ ಬಗ್ಗಿಸಿ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ. ತುದಿ ಮೂಗಿನ ನಡುಗೋಡೆ ಕಡೆಗಲ್ಲ, ಅದೇ ಬದಿಯ ಕಣ್ಣಿನ ಹೊರತುದಿ ಕಡೆಗೆ ತಿರುಗಿರಲಿ. ಮೆಲ್ಲಗೆ ಉಸಿರೆಳೆದರೆ ಸಾಕು. ಗುಣ ಕಾಣಲು ಎರಡು ವಾರವಾದರೂ ಬೇಕು. ಅಲರ್ಜಿಯೇ ಇಲ್ಲದಿದ್ದರೆ ಈ ಸ್ಪ್ರೇಯಿಂದ ಕಿವಿಗೆ ದೊಡ್ಡ ಲಾಭವಿಲ್ಲ, ತಿಂಗಳುಗಟ್ಟಲೆ ಸುಮ್ನೆ ಹೊಡೆಯುತ್ತಾ ಕೂರಬೇಡಿ.

ಮೆಡಿಕಲ್ ಶಾಪಿನಲ್ಲಿ ಸಿಗುವ, ಹಾಕಿದ ಐದೇ ನಿಮಿಷಕ್ಕೆ ಮೂಗು ಬಿಡಿಸುವ ಡ್ರಾಪ್ಸ್ ಬೇರೆ. ಅದನ್ನು ಐದು ದಿನಕ್ಕಿಂತ ಹೆಚ್ಚು ಹಾಕಬೇಡಿ. ಆಮೇಲೆ ಡ್ರಾಪ್ಸ್ ನಿಲ್ಲಿಸಿದರೇ ಮೂಗು ಕಟ್ಟುತ್ತದೆ.

ಮುಟ್ಟಿನ ಪ್ರಶ್ನೆ. ನಾನೂ ಆ ವಯಸ್ಸು ದಾಟಿ ಬಂದವಳೇ, ಒಂದು ಮಳೆಗಾಲ ಪೂರ್ತಿ ಎಡಗಿವಿ ಕಟ್ಟಿಸಿಕೊಂಡು ಇನ್ನೊಬ್ಬರ ಕಿವಿ ನೋಡಿದ್ದೇನೆ, ಹಾಗಾಗಿ ಇದನ್ನು ನಗೆಯಾಡುವುದಿಲ್ಲ. ಮುಟ್ಟು ನಿಲ್ಲುವ ಹೊತ್ತಿಗೆ ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನ್ ಕಡಿಮೆಯಾದಾಗ ಬಾಯಿ, ಕಣ್ಣು, ಮೂಗು ಎಲ್ಲ ಒಣಗಿದ ಹಾಗೆ ಆಗುತ್ತದೆ. ಕಿವಿಯ ಚರ್ಮ ಒಣಗಿದರೆ ತುರಿಕೆ, ಗುಗ್ಗೆ ಗಟ್ಟಿ. ಆ ನಾಳದ ಒಳಪೊರೆಯೂ ಬದಲಾಗಬಹುದು. ಸಂಬಂಧ ಇರಬಹುದು, ಆದರೆ ಈ ಬಗ್ಗೆ ಗಟ್ಟಿಯಾದ ಅಧ್ಯಯನಗಳು ಕಡಿಮೆ. ಬರೀ ಕಿವಿಗೋಸ್ಕರ ಹಾರ್ಮೋನ್ ಮಾತ್ರೆ ಶುರುಮಾಡಿ ಅಂತ ನಾನು ಹೇಳುವುದಿಲ್ಲ. ಬೆವರು, ನಿದ್ದೆಗೇಡಿಗೆ ಸ್ತ್ರೀರೋಗ ವೈದ್ಯರನ್ನು ನೋಡಿ, ಅದು ಬೇರೆಯೇ ವಿಚಾರ. ‘ಈ ವಯಸ್ಸಿಗೆ ಇದ್ದದ್ದೇ’ ಅಂದವರ ಮೇಲೆ ನನಗೂ ಸಿಟ್ಟಿದೆ. ಕಾರಣ ಹುಡುಕಿ ಏನೂ ಸಿಗದಿದ್ದ ಮೇಲೆ ಹೇಳುವ ಮಾತನ್ನು ಮೊದಲೇ ಹೇಳಿಬಿಟ್ಟರೆ ಹೇಗೆ?

ಇನ್ನೊಂದು ಜಾಗ ನೋಡಿ, ದವಡೆ. ನಿದ್ದೆ ಸರಿಯಿಲ್ಲದವರು ರಾತ್ರಿ ಹಲ್ಲು ಕಡಿಯುವುದು ಜಾಸ್ತಿ. ಅಗಿಯುವ ಸ್ನಾಯುಗಳಿಗೆ ಹೋಗುವ ನರವೇ ನಾಳ ತೆರೆಯುವ ಸ್ನಾಯುವಿಗೂ, ತಮಟೆಯನ್ನು ಬಿಗಿಯುವ ಪುಟ್ಟ ಸ್ನಾಯುವಿಗೂ ಹೋಗುತ್ತದೆ. ಹಾಗಾಗಿ ದವಡೆ ಬಿಗಿದರೆ ಕಿವಿ ಕಟ್ಟಿದ ಹಾಗನ್ನಿಸುತ್ತದೆ, ಪರೀಕ್ಷೆಯಲ್ಲಿ ಕಿವಿ ನೆಟ್ಟಗಿರುತ್ತದೆ. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆದು ಮುಚ್ಚಿ. ಕಟಕಟ ಅನ್ನುತ್ತಾ? ಒತ್ತಿದರೆ ನೋಯುತ್ತಾ? ಹಾಗಿದ್ದರೆ ದಂತವೈದ್ಯರನ್ನೂ ನೋಡಿ, ನಾಲ್ಕು ವಾರ ಗಟ್ಟಿ ಪದಾರ್ಥ ಬಿಡಿ, ಬಿಸಿನೀರಿನ ಬಟ್ಟೆ ಶಾಖ ಕೊಡಿ.

ತೀರ್ಥಹಳ್ಳಿ ಅಂದಿರಲ್ಲ, ಅಡಿಕೆ ಸೀಮೆ. ನಿಮಗೆ ಕವಳದ (ಎಲೆಅಡಿಕೆಯ) ಅಭ್ಯಾಸ ಇದೆಯೋ ಇಲ್ಲವೋ, ಓದುವವರಿಗಾಗಿ ಹೇಳುತ್ತೇನೆ. ವರ್ಷಗಟ್ಟಲೆ ಅಡಿಕೆ ಅಗಿದವರ ಬಾಯಿಯ ಒಳಚರ್ಮ ಗಟ್ಟಿಯಾಗುತ್ತಾ ಹೋಗಿ ಬಾಯಿ ಪೂರ್ತಿ ತೆರೆಯದ ಹಾಗಾಗುತ್ತದೆ. ಅಂಗುಳಿನ ಸ್ನಾಯುವೂ ಬಿಗಿದುಕೊಂಡರೆ ನಾಳ ತೆರೆಯುವವರೇ ಇಲ್ಲ. ಮೂರು ಬೆರಳು ಒಂದರ ಮೇಲೊಂದು ಇಟ್ಟು ಹಲ್ಲುಗಳ ನಡುವೆ ತೂರಿಸಿ ನೋಡಿ. ಹೋಗದಿದ್ದರೆ ಕಿವಿಯ ಮಾತು ಆಮೇಲೆ, ಮೊದಲು ಬಾಯಿ ತೋರಿಸಿ.

ಮಾಡಿಸಬೇಕಾದ್ದು ಎರಡು ಪರೀಕ್ಷೆ. ಒಂದು ಆಡಿಯೋಗ್ರಾಂ, ಎಷ್ಟು ಕೇಳಿಸುತ್ತದೆ ಅಂತ. ಇನ್ನೊಂದು ಇಂಪೀಡೆನ್ಸ್. ಕಿವಿಯ ಬಾಯಿಗೆ ಪುಟ್ಟ ರಬ್ಬರ್ ತುದಿ ಇಟ್ಟು ಗಾಳಿಯ ಒತ್ತಡ ಏರಿಳಿಸಿ ತಮಟೆ ಹೇಗೆ ಅಲುಗುತ್ತದೆ ಅಂತ ನೋಡುತ್ತಾರೆ, ನೋವಿಲ್ಲ. ಕಾಗದದ ಮೇಲೆ ಗೋಪುರದಂಥ ಗೆರೆ ಬರುತ್ತದೆ. ಗೋಪುರ ಒಂದು ಪಕ್ಕಕ್ಕೆ ಸರಿದಿದ್ದರೆ ನಾಳದ ತೊಂದರೆ. ಗೆರೆ ಚಪ್ಪಟೆಯಾಗಿ ಮಲಗಿದ್ದರೆ ಹಿಂದೆ ನೀರಿರಬಹುದು. ದೊಡ್ಡವರಲ್ಲಿ ಒಂದೇ ಕಿವಿಯ ಹಿಂದೆ ನೀರು ವಾರಗಟ್ಟಲೆ ನಿಂತರೆ ಮೂಗಿನ ಹಿಂದೆ ಎಂಡೋಸ್ಕೋಪ್ ಹಾಕಿ ನೋಡಲೇಬೇಕು. ಅಪರೂಪಕ್ಕೆ ಅಲ್ಲೊಂದು ಗಡ್ಡೆ ಇರುತ್ತದೆ. ನಿಮಗೆ ಎರಡೂ ಕಿವಿಯಲ್ಲಿದೆ, ಗಾಬರಿಯಾಗಬೇಡಿ. ಮೈಸೂರು ಹತ್ತಿರವಿರುವವರಿಗೆ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಮತ್ತು ಶ್ರವಣ ಸಂಸ್ಥೆ ಇದೆ, ಈ ಪರೀಕ್ಷೆಗಳೇ ಅವರ ಕಸುಬು.

ಅಲ್ಲಿವರೆಗೆ ಏನು ಮಾಡುವುದು? ಮೂಗು ಹಿಡಿದು ಒಂದು ಗುಟುಕು ನೀರು ನುಂಗಿ, ದಿನಕ್ಕೆ ನಾಲ್ಕೈದು ಸಲ. ಮೂಗು ಮುಚ್ಚಿ ಗಾಳಿ ಊದುವುದಾದರೆ ಮೆಲ್ಲಗೆ. ಬಲೂನು ಊದುವ ಹುಮ್ಮಸ್ಸು ಬೇಡ, ನೆಗಡಿ ಇರುವಾಗ ಅಂತೂ ಬೇಡವೇ ಬೇಡ. ಜಲನೇತಿ (ನೀರು ಬಿಟ್ಟು ಮೂಗು ತೊಳೆಯುವುದು) ಮಾಡುವವರು ಕುದಿಸಿ ಆರಿಸಿದ ನೀರನ್ನೇ ಬಳಸಿ, ನಲ್ಲಿಯದಾಗಲಿ ಬಾವಿಯದಾಗಲಿ ಹಸಿ ನೀರು ಬೇಡ. ರಾತ್ರಿ ನಿಶ್ಶಬ್ದದಲ್ಲಿ ಕಿವಿಯ ಒಳಗಿನ ಸದ್ದೇ ದೊಡ್ಡದಾಗುತ್ತದೆ, ಫ್ಯಾನು ಹಾಕಿಕೊಂಡು ಮಲಗಿ. ಕ್ಲಾಸಿನಲ್ಲಿ ನಿಮ್ಮ ಧ್ವನಿ ನಿಮಗೆ ಜೋರಾಗಿ ಕೇಳಿಸುವುದರಿಂದ ಗೊತ್ತಿಲ್ಲದೆ ಮೆಲ್ಲಗೆ ಮಾತಾಡುತ್ತೀರಿ, ಹಿಂದಿನ ಬೆಂಚಿನವರನ್ನು ಒಮ್ಮೆ ಕೇಳಿ ನೋಡಿ. ಸತ್ಯ ಹೇಳುತ್ತಾರೆ.

ಪ್ರಶ್ನೆ: ನನಗೆ 52. ಹುಬ್ಬಳ್ಳಿಯಲ್ಲಿ ಅಂಗಡಿ ಇದೆ. ಮೊನ್ನೆ ಬೆಳಿಗ್ಗೆ ಎದ್ದಾಗಿಂದ ಎಡಗಿವಿ ಬಂದ್, ಗುಂಯ್ ಅನ್ನುತ್ತಿದೆ. ಫೋನ್ ಆ ಕಿವಿಗಿಟ್ಟರೆ ಏನೂ ತಿಳಿಯುವುದಿಲ್ಲ. ಮೆಡಿಕಲ್‌ನವರು ಗುಗ್ಗೆ ಕರಗುವ ಡ್ರಾಪ್ಸ್ ಕೊಟ್ಟರು. ಎಷ್ಟು ದಿನ ಹಾಕಬೇಕು?

ಉತ್ತರ: ನಿಮ್ಮ ಮೇಲ್ ನೋಡಿದ ದಿನವೇ ಉತ್ತರ ಕಳಿಸಿದ್ದೇನೆ. ಪತ್ರಿಕೆ ಅಚ್ಚಾಗುವವರೆಗೆ ಕಾಯುವ ವಿಷಯ ಇದಲ್ಲ. ಬೇರೆಯವರಿಗೂ ಬೇಕು ಅಂತ ಇಲ್ಲಿ ಹಾಕಿದ್ದೇನೆ.

ಮಲಗುವಾಗ ಸರಿಯಿದ್ದು ಏಳುವಾಗ ಒಂದು ಕಿವಿ ಬಂದ್ ಆದರೆ ಅದು ಗುಗ್ಗೆಯೇ ಇರಬಹುದು. ಒಳಕಿವಿಯ ನರವೂ ಇರಬಹುದು. ಎರಡೂ ‘ಕಟ್ಟಿದ’ ಹಾಗೇ ಅನ್ನಿಸುತ್ತದೆ, ಅದೇ ಮೋಸ. ಒಂದು ಸಣ್ಣ ಪರೀಕ್ಷೆ ಮಾಡಿ. ಬಾಯಿ ಮುಚ್ಚಿ ‘ಮ್‌ಮ್‌ಮ್’ ಅಂತ ಗುನುಗಿ. ಸದ್ದು ಕಟ್ಟಿದ ಕಿವಿಯ ಕಡೆಗೇ ಜೋರಾಗಿ ಹೋದರೆ ತಡೆ ಹೊರಗಡೆ ಅಥವಾ ನಡುಗಿವಿಯಲ್ಲಿ (ಬೇಕಾದರೆ ಒಳ್ಳೆಯ ಕಿವಿಗೆ ಬೆರಳಿಟ್ಟು ಗುನುಗಿ, ಹೇಗೆ ಅಂತ ಗೊತ್ತಾಗುತ್ತದೆ). ಸದ್ದು ಒಳ್ಳೆಯ ಕಿವಿಯ ಕಡೆಗೇ ಹೋಯಿತು ಅಂದರೆ ನರದ ಅನುಮಾನ. ನಾವು ಟ್ಯೂನಿಂಗ್ ಫೋರ್ಕ್ ಹಣೆಗಿಟ್ಟು ನೋಡುವುದೂ ಇದನ್ನೇ. ಗುನುಗಿದ್ದರಿಂದ ಸಮಾಧಾನವಾಯಿತು ಅಂತ ಮನೆಯಲ್ಲಿ ಕೂರಬೇಡಿ, ಹೇಗಿದ್ದರೂ ಅವತ್ತೇ ಅಥವಾ ಮಾರನೇ ದಿನ ಇಎನ್‌ಟಿ ಹತ್ತಿರ ಹೋಗಿ ಆಡಿಯೋಗ್ರಾಂ ಮಾಡಿಸಿ. ನರದ್ದಾದರೆ ಸ್ಟೀರಾಯ್ಡ್ ಮಾತ್ರೆ, ಇಲ್ಲವೇ ತಮಟೆಯ ಮೂಲಕ ಇಂಜೆಕ್ಷನ್. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, ಎರಡು ವಾರ ದಾಟಿದರೆ ಕೇಳುವಿಕೆ ಮರಳುವ ಸಾಧ್ಯತೆ ಇಳಿಯುತ್ತಾ ಹೋಗುತ್ತದೆ. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ಹೇಳಿ. ಅಂಗಡಿಯನ್ನು ಒಂದು ದಿನ ಮಗನಿಗೆ ಬಿಡಿ ಸ್ವಾಮಿ.

ಪ್ರಶ್ನೆ: ಸ್ನಾನ ಆದ ಮೇಲೆ ಕಿವಿ ಬಂದ್ ಆಗುತ್ತದೆ. ವಯಸ್ಸು 44, ಮಂಗಳೂರು. ಕಿವಿ ಕ್ಲೀನ್ ಮಾಡಲು ಯಾವ ಬಡ್ಸ್ ಒಳ್ಳೆಯದು?

ಉತ್ತರ: ಯಾವುದೂ ಅಲ್ಲ. ಕಿವಿಯ ಕೊಳವೆ ಇರುವುದೇ ಎರಡೂವರೆ ಸೆಂಟಿಮೀಟರ್. ಅದರ ಹೊರಭಾಗದಲ್ಲಿ ಮಾತ್ರ ಗುಗ್ಗೆ ಹುಟ್ಟುತ್ತದೆ, ಚರ್ಮದ ಜೊತೆಗೇ ನಿಧಾನವಾಗಿ ಹೊರಗೆ ಸರಿಯುತ್ತದೆ. ಬಡ್ಸ್, ಬೆಂಕಿಕಡ್ಡಿ, ಹೇರ್‌ಪಿನ್ ಹಾಕಿ ನಾವೇ ಅದನ್ನು ವಾಪಸ್ ಒಳಗೆ ತಳ್ಳುತ್ತೇವೆ. ಸ್ನಾನದ ನೀರು ಬಿದ್ದರೆ ಅದು ಉಬ್ಬಿ ದಾರಿ ಮುಚ್ಚುತ್ತದೆ. ಡಾಕ್ಟರು ಬರೆದ ಡ್ರಾಪ್ಸ್ ನಾಲ್ಕೈದು ದಿನ ಹಾಕಿ ಆಮೇಲೆ ತೆಗೆಸಿಕೊಳ್ಳಿ. ಹಾಕಿದ ಎರಡು ದಿನ ಇನ್ನೂ ಜಾಸ್ತಿ ಕಟ್ಟಿದ ಹಾಗಾಗುತ್ತದೆ, ಅದು ಸರಿಯೇ. ತೀರಾ ತುರಿಕೆ ಇದ್ದು, ಒದ್ದೆ ಪೇಪರ್ ಥರದ ಚೂರು ಬರುತ್ತಿದ್ದರೆ ಫಂಗಸ್. ಆಗ ಡ್ರಾಪ್ಸೇ ಬೇರೆ.

ಪ್ರಶ್ನೆ: 50 ವರ್ಷ, ಬೆಂಗಳೂರು. ಶುಗರ್ ಬಂತು ಅಂತ ಡಯಟ್ ಮಾಡಿ ಏಳು ತಿಂಗಳಲ್ಲಿ 14 ಕೆಜಿ ಇಳಿದೆ. ಆಗಿಂದ ಬಲಗಿವಿ ಕಟ್ಟಿದೆ. ನನ್ನ ಉಸಿರೇ ನನಗೆ ಭುಸ್ ಭುಸ್ ಅಂತ ಕೇಳಿಸುತ್ತದೆ. ಎಲ್ಲ ಪರೀಕ್ಷೆ ನಾರ್ಮಲ್. ಮನೆಯವರು ಭ್ರಮೆ ಅಂತಾರೆ.

ಉತ್ತರ: ಭ್ರಮೆ ಅಲ್ಲ. ನಿಮ್ಮದು ಬಹುಶಃ ಮೊದಲಿನ ಟೀಚರ್‌ಗೆ ಪೂರ್ತಿ ಉಲ್ಟಾ ಕೇಸು. ಅವರ ನಾಳ ತೆರೆಯುತ್ತಿಲ್ಲ, ನಿಮ್ಮದು ಮುಚ್ಚುತ್ತಿಲ್ಲ. ಆ ನಾಳದ ಸುತ್ತ ಒಂದಿಷ್ಟು ಕೊಬ್ಬು ಇರುತ್ತದೆ, ಮೆತ್ತೆ ಒತ್ತಿದ ಹಾಗೆ ಅದನ್ನು ಮುಚ್ಚಿಡುತ್ತದೆ. ತೂಕ ಬೇಗ ಇಳಿದಾಗ ಆ ಕೊಬ್ಬೂ ಕರಗುತ್ತದೆ. ಆಗ ಉಸಿರು, ಮಾತು ಎಲ್ಲ ನೇರ ತಮಟೆಗೆ ಬಡಿಯುತ್ತದೆ. ಇಂಥವರು ಮೂಗಿನ ಡ್ರಾಪ್ಸ್ ಹಾಕಿದರೆ ಇನ್ನೂ ಜಾಸ್ತಿಯಾಗಬಹುದು. ನೀರು ಚೆನ್ನಾಗಿ ಕುಡಿಯಿರಿ, ತೂಕ ಇನ್ನು ಇಳಿಸುವುದನ್ನು ನಿಮ್ಮ ಡಾಕ್ಟರ ಹತ್ತಿರ ಮಾತಾಡಿ ನಿಧಾನ ಮಾಡಿ. ಇವತ್ತು ರಾತ್ರಿ ಒಂದು ಗಮನಿಸಿ: ದಿಂಬಿಲ್ಲದೆ ಅಂಗಾತ ಮಲಗಿದಾಗ ಆ ಸದ್ದು ನಿಲ್ಲುತ್ತದೆಯೇ? ಪರೀಕ್ಷೆ ಮಾಡುವಾಗ ನಿಮ್ಮ ಉಸಿರಿಗೆ ತಕ್ಕಂತೆ ತಮಟೆ ಅಲುಗುತ್ತದೆಯೇ ನೋಡಿ ಅಂತ ನಿಮ್ಮ ಇಎನ್‌ಟಿ ಡಾಕ್ಟರಿಗೆ ಹೇಳಿ. ಎರಡಕ್ಕೂ ಏನಾಯಿತು ಅಂತ ಬರೆಯಿರಿ.