ಬಿಗ್ ಬ್ಯಾಂಡ್ ಜಾಜ್ ನನಗೆ ಬರೀ ಗದ್ದಲ ಅನ್ನಿಸುತ್ತದೆ. ಒಂದೇ ಒಂದು ಆಲ್ಬಂ ಕೇಳಬೇಕು ಅಂದರೆ ಯಾವುದು ಕೇಳಲಿ?

ಅಮೆರಿಕದ ಪಿಯಾನೊ ವಾದಕ, ಬ್ಯಾಂಡ್ ನಾಯಕ ಡ್ಯೂಕ್ ಎಲಿಂಗ್ಟನ್ ಅವರ ‘ಆ್ಯಂಡ್ ಹಿಸ್ ಮದರ್ ಕಾಲ್ಡ್ ಹಿಮ್ ಬಿಲ್’. ಯಾರು ಕೇಳಿದರೂ ನಾನು ಇದನ್ನೇ ಹೇಳುವುದು.

ಗದ್ದಲ ಅನ್ನಿಸಿದ್ದರಲ್ಲಿ ತಪ್ಪೇನಿಲ್ಲ. ನನಗೂ ಮೊದಮೊದಲು ಹಾಗೇ ಆಗುತ್ತಿತ್ತು. ನಾಲ್ಕು ಟ್ರಂಪೆಟ್, ಮೂರು ಟ್ರೊಂಬೋನ್, ಐದು ಸ್ಯಾಕ್ಸೊಫೋನ್ ಒಟ್ಟಿಗೆ ಶುರುವಾದರೆ ಯಾವುದನ್ನು ಹಿಡಿದು ಕೇಳೋದು ಅಂತಲೇ ಗೊತ್ತಾಗುತ್ತಿರಲಿಲ್ಲ. ಈ ಆಲ್ಬಂನಲ್ಲಿ ಮೊದಲ ಸಲ ಒಬ್ಬೊಬ್ಬರ ದನಿಯೂ ಬೇರೆಬೇರೆಯಾಗಿ ಕೇಳಿಸಿತು.

ಹೆಸರಿನಲ್ಲಿರುವ ಬಿಲ್ ಅಂದರೆ ಎಲಿಂಗ್ಟನ್ ಬ್ಯಾಂಡಿಗೆ ಸಂಗೀತ ಬರೆಯುತ್ತಿದ್ದ ಬಿಲ್ಲಿ ಸ್ಟ್ರೇಹಾರ್ನ್. 1938ರ ಡಿಸೆಂಬರ್‌ನಲ್ಲಿ ಪಿಟ್ಸ್‌ಬರ್ಗ್‌ನಲ್ಲಿ ಎಲಿಂಗ್ಟನ್ ಮುಂದೆ ಪಿಯಾನೊ ನುಡಿಸಿ ತೋರಿಸಿದಾಗ ಅವರಿಗಿನ್ನೂ 23 ವರ್ಷ. ಆಮೇಲೆ ಸಾಯುವವರೆಗೂ ಆ ಬ್ಯಾಂಡಿನ ಜೊತೆಗೇ ನಂಟು. ‘ಟೇಕ್ ದಿ ಎ ಟ್ರೇನ್’ ಅನ್ನೋ ಪ್ರಸಿದ್ಧ ರಚನೆ ಅವರದೇ. ಎಷ್ಟೋ ಕಡೆ ಯಾವ ಸಾಲು ಡ್ಯೂಕ್ ಬರೆದದ್ದು, ಯಾವುದು ಬಿಲ್ಲಿಯದು ಅಂತ ಬಿಡಿಸಿ ಹೇಳೋದೇ ಕಷ್ಟ. 1967ರ ಮೇ 31ರಂದು ಬಿಲ್ಲಿ ಕ್ಯಾನ್ಸರ್‌ನಿಂದ ತೀರಿಕೊಂಡರು. ಬರೀ 51 ವಯಸ್ಸು. ಅದೇ ಆಗಸ್ಟ್‌ನಲ್ಲಿ, 68 ವರ್ಷದ ಎಲಿಂಗ್ಟನ್ ತಮ್ಮ ಬ್ಯಾಂಡನ್ನು ಕರೆದುಕೊಂಡು ಸ್ಟುಡಿಯೊಗೆ ಹೋಗಿ, ಬಿಲ್ಲಿಯ ರಚನೆಗಳನ್ನು ರೆಕಾರ್ಡ್ ಮಾಡಲು ಕೂತರು.

ಮೊದಲು ‘ಬ್ಲಡ್ ಕೌಂಟ್’ ಕೇಳಿ. ಬಿಲ್ಲಿ ಆಸ್ಪತ್ರೆಯಿಂದ ಬರೆದು ಕಳಿಸಿದ, ಅವರ ಕೊನೆಯ ರಚನೆ ಅದು. ಆಲ್ಟೊ ಸ್ಯಾಕ್ಸೊಫೋನ್ ಜಾನಿ ಹಾಡ್ಜಸ್ ಅವರದು. ನಮ್ಮ ಕದ್ರಿ ಗೋಪಾಲನಾಥರು ನುಡಿಸುತ್ತಿದ್ದದ್ದೂ ಆಲ್ಟೊನೇ ಅಲ್ವಾ? ಹಾಡ್ಜಸ್ ಒಂದು ಸ್ವರದಿಂದ ಇನ್ನೊಂದಕ್ಕೆ ಹಾರುವುದಿಲ್ಲ, ಜಾರುತ್ತಾರೆ. ನಮ್ಮ ಸಂಗೀತ ಕೇಳಿ ಬೆಳೆದ ಕಿವಿಗೆ ಆ ಜಾರು ಬೇಗ ಹಿಡಿಸುತ್ತದೆ. ಮೊದಲು ಮೆಲ್ಲಗೆ ಶುರುವಾದ ದನಿ ಏರುತ್ತಾ ಏರುತ್ತಾ, ತಡೆದುಕೊಂಡಿದ್ದ ಅಳು ಒಮ್ಮೆಲೇ ಹೊರಗೆ ಬಂದ ಹಾಗೆ ಆಗಿಬಿಡುತ್ತದೆ. ನಾನು ಅಲ್ಲಿ ಪ್ರತಿ ಸಲವೂ ಕೈಯಲ್ಲಿದ್ದ ಕೆಲಸ ಬಿಟ್ಟು ಸುಮ್ನೆ ಕೂರುತ್ತೇನೆ.

ಎಲಿಂಗ್ಟನ್ ಆಗಲಿ ಬಿಲ್ಲಿಯಾಗಲಿ ‘ಆಲ್ಟೊ ಸ್ಯಾಕ್ಸೊಫೋನ್’ ಅಂತ ಬರೆಯುತ್ತಿರಲಿಲ್ಲ, ಹಾಡ್ಜಸ್‌ಗೆ ಅಂತ ಬರೆಯುತ್ತಿದ್ದರು. ಯಾರ ಉಸಿರು ಹೇಗೆ, ಯಾರ ದನಿ ಎಲ್ಲಿ ತುಂಬಿ ಬರುತ್ತದೆ, ಎಲ್ಲ ಗೊತ್ತಿತ್ತು. ಬ್ಯಾರಿಟೋನ್ ಸ್ಯಾಕ್ಸೊಫೋನ್ ನುಡಿಸುವ ಹ್ಯಾರಿ ಕಾರ್ನಿ 1927ರಿಂದಲೂ ಅದೇ ಬ್ಯಾಂಡಿನಲ್ಲಿದ್ದವರು. ಅಷ್ಟು ವರ್ಷ ಜೊತೆಗಿದ್ದವರು ನುಡಿಸಿದರೆ ಬರುವ ಸದ್ದೇ ಬೇರೆ.

ಇಡೀ ಆಲ್ಬಂ ದುಃಖದ್ದಲ್ಲ. ‘ರೇನ್ ಚೆಕ್’ ಕುಣಿಸುತ್ತದೆ. ‘ಚಾರ್‌ಪಾಯ್’ ಅಂತಲೂ ಒಂದಿದೆ, ಉತ್ತರ ಭಾರತದ ಹಗ್ಗದ ಮಂಚದ ಹೆಸರು! 1963ರಲ್ಲಿ ಈ ಬ್ಯಾಂಡ್ ಭಾರತಕ್ಕೂ ಬಂದಿತ್ತು.

ಕೊನೆಗೆ ‘ಲೋಟಸ್ ಬ್ಲಾಸಮ್’. ರೆಕಾರ್ಡಿಂಗ್ ಮುಗಿದಿದೆ, ವಾದ್ಯದವರು ಗಂಟುಮೂಟೆ ಕಟ್ಟುತ್ತಿದ್ದಾರೆ. ಅವರ ಮಾತು, ಸಾಮಾನು ಎತ್ತಿಡುವ ಸದ್ದು ಕೇಳಿಸುತ್ತದೆ. ಅದರ ನಡುವೆ ಡ್ಯೂಕ್ ಒಬ್ಬರೇ ಪಿಯಾನೊ ನುಡಿಸುತ್ತಿದ್ದಾರೆ. ತಾವು ನುಡಿಸುವಾಗ ಬಿಲ್ಲಿ ಬಹಳ ಇಷ್ಟಪಟ್ಟು ಕೇಳುತ್ತಿದ್ದ ರಚನೆ ಅದು ಅಂತ ಅವರೇ ಹೇಳಿದ್ದರು. ಹೋಗ್ತಾ ಹೋಗ್ತಾ ಕೋಣೆಯ ಸದ್ದು ಕಡಿಮೆಯಾಗುತ್ತದೆ.

ಸಿಡಿಯಲ್ಲಿ ಇದನ್ನೇ ಕಾರ್ನಿ ಜೊತೆ ಸೇರಿ ನುಡಿಸಿದ್ದೂ ಇದೆ. ಅದು ಆಮೇಲೆ ಇರಲಿ. ಮೊದಲು ಪಿಯಾನೊ ಒಂದೇ ಇರುವುದನ್ನು ಕೇಳಿ, ರಾತ್ರಿ, ಹೆಡ್‌ಫೋನ್ ಹಾಕಿಕೊಂಡು.